ಮತದಾರನಿಗೆ ಲೆಕ್ಕ ಒಪ್ಪಿಸಿದ ಶಾಂತವೇರಿ ಗೋಪಾಲಗೌಡ

ಬೆಂಗಳೂರಿನ ವಿಧಾನಸೌಧದ ಸಮೀಪದ ವೃತ್ತವೊಂದಕ್ಕೆ ಗೋಪಾಲಗೌಡರ ಹೆಸರಿದೆ. ದಿನನಿತ್ಯ ಆ ದಾರಿಯಲ್ಲಿ ಸಾಗುವ ಸಾವಿರಾರು ಜನರ ಪೈಕಿ ಆ ಹೆಸರು ಯಾರದೆಂದು ಬಲ್ಲವರು ಬಹಳ ಇರಲಾರರು. ಅವರು ಮಂತ್ರಿಯಾದವರಲ್ಲ, ಆಡಳಿತ ಪಕ್ಷದ ಸಾಲಿನಲ್ಲಿ ಕುಳಿತವರೂ ಅಲ್ಲ. ಮೂರು ಬಾರಿ ಶಾಸಕರಾಗಿ, ಮೂರು ಬಾರಿಯೂ ವಿರೋಧ ಪಕ್ಷದಲ್ಲೇ ಉಳಿದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಆದರೂ ಕರ್ನಾಟಕದ ಶಾಸನ ಸಭೆಯ ಇತಿಹಾಸವನ್ನು ಅವರ ಹೆಸರಿಲ್ಲದೆ ಬರೆಯಲಾಗದು. ಶಾಸಕನೆಂಬವನು ಸರ್ಕಾರದಿಂದ ಲೆಕ್ಕ ಕೇಳಬೇಕು, ತನ್ನ ಜನಕ್ಕೆ ಲೆಕ್ಕ ಒಪ್ಪಿಸಬೇಕು ಎಂಬ ಎರಡು ಹೊಣೆಗಳನ್ನು ಒಂದೇ ಬದುಕಿನಲ್ಲಿ ನಿಭಾಯಿಸಿದ ವಿರಳ ರಾಜಕಾರಣಿ ಅವರು.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಮನೆಯಲ್ಲಿ ಸಿರಿತನವಿರಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರನಡೆದು ಪ್ರತ್ಯೇಕ ಪಕ್ಷ ಕಟ್ಟಿದರು. ಗೋಪಾಲಗೌಡರು ಅವರೊಡನೆ ನಿಂತರು. ರಾಮಮನೋಹರ ಲೋಹಿಯಾ ಅವರ ವಿಚಾರಗಳನ್ನು ಮಲೆನಾಡಿನ ಹಳ್ಳಿಹಳ್ಳಿಗೆ ಕೊಂಡೊಯ್ಯುವುದೇ ಅವರ ಕಾಯಕವಾಯಿತು.

ಕೊಳಗದ ಪ್ರಶ್ನೆ

ಅವರನ್ನು ನಾಡಿಗೆ ಪರಿಚಯಿಸಿದ್ದು ಕಾಗೋಡು. ಸಾಗರಕ್ಕೆ ಸಮೀಪದ ಈ ಪುಟ್ಟ ಹಳ್ಳಿಯ ಗೇಣಿದಾರರು ಬಹುತೇಕ ದೀವರ ಸಮುದಾಯದವರು. ಸುಗ್ಗಿ ಮುಗಿದೊಡನೆ ಬೆಳೆದ ಭತ್ತದಲ್ಲಿ ಒಡೆಯರ ಪಾಲನ್ನು ಕೊಳಗದಿಂದ ಅಳೆದು ಕೊಡುವುದು ಪದ್ಧತಿ. ಒಡೆಯರ ಮನೆಯ ಕೊಳಗವಾದರೋ ವಾಡಿಕೆಯ ಮೂರು ಸೇರಿನ ಕೊಳಗಕ್ಕಿಂತ ದೊಡ್ಡದು. ಹೀಗಾಗಿ ಒಪ್ಪಿದ ಗೇಣಿಗಿಂತ ಹೆಚ್ಚು ಭತ್ತ ಪ್ರತಿವರ್ಷವೂ ಕಣದಿಂದಲೇ ಸದ್ದಿಲ್ಲದೆ ಹೋಗುತ್ತಿತ್ತು. ಕೊಟ್ಟ ಗೇಣಿಗೆ ರಸೀದಿಯಿರಲಿಲ್ಲ. ರಸೀದಿಯಿಲ್ಲದವನು ತಾನು ಆ ನೆಲದ ಉಳುವವನೆಂದು ಯಾವ ಕಚೇರಿಯಲ್ಲೂ ಸುಲಭವಾಗಿ ಸಾಧಿಸಲಾರ. ಇದರ ಮೇಲೆ ಬಿಟ್ಟಿ ದುಡಿಮೆ ಬೇರೆ.

ಶಿಕ್ಷಕರಾಗಿದ್ದ ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಈ ಅನ್ಯಾಯಕ್ಕೆ ಮೊದಲ ದನಿ ಕೊಟ್ಟರು. ಅಳತೆ ನ್ಯಾಯವಾಗಿರಬೇಕು, ಕೊಟ್ಟದ್ದಕ್ಕೆ ರಸೀದಿ ಬೇಕು ಎಂಬುದು ರೈತರ ಬೇಡಿಕೆ. ಇಂದು ನೋಡಿದರೆ ಇಷ್ಟಕ್ಕೂ ಹೋರಾಡಬೇಕಿತ್ತೆ ಎನಿಸಬಹುದು. ಆದರೆ ಒಡೆಯರು ಮಣಿಯಲಿಲ್ಲ. ಬದಲಿಗೆ ಗೇಣಿದಾರರು ಗದ್ದೆಗಿಳಿಯುವುದನ್ನೇ ತಡೆದರು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗೇ ಇಳಿದರು. ಪೊಲೀಸರು ಬಂಧಿಸಿದರು. ಒಂದು ತಂಡ ಜೈಲಿಗೆ ಹೋದರೆ ಮತ್ತೊಂದು ತಂಡ ಸಿದ್ಧವಾಗುತ್ತಿತ್ತು. ಸಮಾಜವಾದಿ ಪಕ್ಷ ಹೋರಾಟದ ಹೊಣೆ ಹೊತ್ತಾಗ ಅದರ ಮುಂಚೂಣಿಯಲ್ಲಿದ್ದವರು 28 ವರ್ಷದ ಗೋಪಾಲಗೌಡರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದು ಸತ್ಯಾಗ್ರಹದಲ್ಲಿ ಪಾಲ್ಗೊಂಡು ಬಂಧನಕ್ಕೊಳಗಾದಾಗ ಆ ಹಳ್ಳಿಯ ಹೆಸರು ದೇಶಕ್ಕೆಲ್ಲ ಕೇಳಿಸಿತು.

ಗೋಪಾಲಗೌಡರು ಒಕ್ಕಲಿಗರು, ಹೋರಾಟಕ್ಕಿಳಿದ ಗೇಣಿದಾರರು ಬೇರೆ ಜಾತಿಯವರು. ಜಾತಿಯ ಗಡಿ ದಾಟಿ ವರ್ಗದ ಪ್ರಶ್ನೆಯನ್ನು ಎತ್ತಿಕೊಂಡದ್ದು ಅಂದಿನ ಮಲೆನಾಡಿನಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಕಾಗೋಡು ಹೋರಾಟ ತಕ್ಷಣಕ್ಕೆ ರೈತರಿಗೆ ಭೂಮಿಯನ್ನು ದೊರಕಿಸಲಿಲ್ಲ ಎಂಬುದು ನಿಜ. ಆದರೆ ಉಳುವವನಿಗೂ ಹಕ್ಕುಂಟೆಂಬ ಮಾತು ಕಣದಿಂದ ಹೊರಟು ರಾಜಧಾನಿಯತ್ತ ಮುಖ ಮಾಡಿದ್ದು ಅಲ್ಲಿಂದಲೇ.

ಮತದೊಡನೆ ಒಂದು ರೂಪಾಯಿ

1952ರ ಮೊದಲ ಮಹಾಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಸ್ಪರ್ಧಿಸಿದರು. ಎದುರಾಳಿ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ್, ಪ್ರಬಲ ಜಮೀನ್ದಾರ ಮನೆತನದವರು. ಗೋಪಾಲಗೌಡರ ಬಳಿ ಠೇವಣಿಗೂ ಪ್ರಚಾರಕ್ಕೂ ಹಣವಿರಲಿಲ್ಲ. ಅವರು ಮತದಾರರ ಮುಂದೆ ಕೈಯೊಡ್ಡಿದರು: ಓಟಿನ ಜೊತೆಗೆ ಒಂದು ರೂಪಾಯಿಯ ನೋಟನ್ನೂ ಕೊಡಬೇಕೆಂದು ಕೇಳಿದರು. ಗೇಣಿದಾರರು, ಕೂಲಿಯವರು ಕೊಟ್ಟರು. ಗೋಪಾಲಗೌಡರು ಗೆದ್ದರು.

ಇದನ್ನು ಬರಿಯ ಹಣ ಸಂಗ್ರಹದ ಉಪಾಯವೆಂದು ಕಾಣುವುದು ತಪ್ಪಾದೀತು. ಅಭ್ಯರ್ಥಿಯಿಂದ ಹಣ ಪಡೆದ ಮತದಾರ ಮರುದಿನ ಅವನನ್ನು ಪ್ರಶ್ನಿಸುವ ನೈತಿಕ ಬಲ ಕಳೆದುಕೊಳ್ಳುತ್ತಾನೆ. ತಾನೇ ಹಣ ಕೊಟ್ಟು ಗೆಲ್ಲಿಸಿದ ಮತದಾರನಿಗಾದರೋ ಲೆಕ್ಕ ಕೇಳುವ ಅಧಿಕಾರ ಹುಟ್ಟುತ್ತದೆ. ಹಾಗೆ ಗೆದ್ದು ಬಂದವನು ಸದನದಲ್ಲಿ ಯಾವ ಗುತ್ತಿಗೆದಾರನಿಗೂ, ಯಾವ ಒಡೆಯನಿಗೂ ಋಣಿಯಾಗಿರಬೇಕಿಲ್ಲ. ಗೋಪಾಲಗೌಡರ ಮುಂದಿನ ಇಪ್ಪತ್ತು ವರ್ಷಗಳ ನಿರ್ಭೀತ ನಡೆಯ ಬೇರು ಆ ಒಂದು ರೂಪಾಯಿಯ ನೋಟಿನಲ್ಲಿದೆ.

ಅಂದಿನ ಮೈಸೂರು ವಿಧಾನಸಭೆಯ ಒಟ್ಟು ಸ್ಥಾನ 99. ಅದರಲ್ಲಿ ಕಾಂಗ್ರೆಸ್ಸಿನವರು 74, ಸಮಾಜವಾದಿಗಳು ಕೇವಲ ಮೂವರು. ಮತಕ್ಕೆ ಹಾಕಿ ಸರ್ಕಾರವನ್ನು ಸೋಲಿಸುವ ಮಾತೇ ಇರಲಿಲ್ಲ. ಉಳಿದದ್ದು ಪ್ರಶ್ನೆ ಕೇಳುವ ಹಕ್ಕು ಮಾತ್ರ. ರಾಜಪ್ರಮುಖರ ಭಾಷಣದ ಮೇಲಿನ ಚರ್ಚೆ, ಆಯವ್ಯಯದ ಚರ್ಚೆ, ಪ್ರಶ್ನೋತ್ತರ ಕಲಾಪ ಇವೇ ವಿರೋಧಿ ಸದಸ್ಯನ ಆಯುಧಗಳು. ಗೋಪಾಲಗೌಡರು ಅವನ್ನು ಚೆನ್ನಾಗಿ ಬಳಸಿದರು. ಗೇಣಿದಾರರ ಒಕ್ಕಲೆಬ್ಬಿಸುವಿಕೆ, ಭೂಸುಧಾರಣೆ, ಕನ್ನಡದಲ್ಲಿ ಆಡಳಿತ ಇವು ಅವರು ಸದನದಲ್ಲಿ ಮತ್ತೆ ಮತ್ತೆ ಎತ್ತಿದ ವಿಷಯಗಳು. ಅವರ ಮಾತಿನ ಕಾವಿಗೆ ಸದನದಲ್ಲಿ ಕೋಲಾಹಲವಾದದ್ದೂ ಉಂಟು. ಆದರೆ ಸಿಟ್ಟಿನ ಹಿಂದೆ ಸದಾ ಒಂದು ಹಳ್ಳಿ, ಒಂದು ಗದ್ದೆ, ಒಂದು ಸಂಸಾರವಿರುತ್ತಿತ್ತು.

ಅಂದಿನ ಸರ್ಕಾರ ಏನನ್ನೂ ಮಾಡಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪನವರು ಕಂದಾಯ ಸಚಿವರಾಗಿ ಗೇಣಿ ಹಾಗೂ ಇನಾಮು ರದ್ದತಿಯ ಶಾಸನಗಳಿಗೆ ಶ್ರಮಿಸಿದರು. 1952ರಲ್ಲಿ ಮೈಸೂರು ಗೇಣಿ ಶಾಸನ ಬಂತು. ಒಂದೇ ನೆಲದ ಇಬ್ಬರಲ್ಲಿ ಒಬ್ಬರು ಸರ್ಕಾರದೊಳಗಿದ್ದು ಕಾನೂನು ರೂಪಿಸಿದರು. ಇನ್ನೊಬ್ಬರು ಹೊರಗೆ ನಿಂತು, ಆ ಕಾನೂನು ಬಡವನ ಗದ್ದೆಯವರೆಗೆ ತಲುಪಿತೇ ಎಂದು ವಿಚಾರಿಸಿದರು.

ಸೋಲು, ಮರಳಿ ಗೆಲುವು

1957ರಲ್ಲಿ ಗೋಪಾಲಗೌಡರು ಸೋತರು. ಜನರ ನಡುವಿನಿಂದ ಮಾತ್ರ ದೂರ ಸರಿಯಲಿಲ್ಲ. 1962ರಲ್ಲಿ ಮತ್ತು 1967ರಲ್ಲಿ ತೀರ್ಥಹಳ್ಳಿಯ ಮತದಾರರು ಅವರನ್ನು ಮತ್ತೆ ಸದನಕ್ಕೆ ಕಳುಹಿಸಿದರು. ಕರ್ನಾಟಕ ಏಕೀಕರಣವನ್ನು ಅವರು ಮೊದಲಿನಿಂದಲೂ ಬೆಂಬಲಿಸಿದ್ದರು. ಹಳೆ ಮೈಸೂರಿನ ಹಲವು ನಾಯಕರು ಹಿಂಜರಿಯುತ್ತಿದ್ದ ಕಾಲದಲ್ಲಿ ಇದು ಗಟ್ಟಿ ನಿಲುವು. 1956ರಲ್ಲಿ ರಾಜ್ಯ ಒಂದಾದ ಮೇಲೂ ಮೈಸೂರೆಂಬ ಹೆಸರೇ ಉಳಿದಾಗ, ಕರ್ನಾಟಕವೆಂದು ಕರೆಯಬೇಕೆಂದು ಸದನದಲ್ಲಿ ಒತ್ತಾಯಿಸಿದವರಲ್ಲಿ ಅವರು ಪ್ರಮುಖರು. ಕಚೇರಿಯ ಭಾಷೆ ತಿಳಿಯದ ರೈತ ಕಚೇರಿಯಿಂದ ಲೆಕ್ಕ ಕೇಳಲಾರ. ಭಾಷೆಯ ಬಗೆಗಿನ ಅವರ ಹಟವನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಸಾಹಿತ್ಯ, ಸಂಗೀತಗಳಲ್ಲಿ ಅವರಿಗೆ ಅಪಾರ ಆಸಕ್ತಿ. ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಪೂರ್ಣಚಂದ್ರ ತೇಜಸ್ವಿಯವರ ತಲೆಮಾರಿನ ಲೇಖಕರ ಮೇಲೆ ಅವರ ಪ್ರಭಾವ ಗಾಢ. ಅನಂತಮೂರ್ತಿಯವರ 1978ರ ಕಾದಂಬರಿ ಅವಸ್ಥೆಯ ನಾಯಕನಿಗೆ ಗೋಪಾಲಗೌಡರ ಬದುಕೇ ಪ್ರೇರಣೆ. ಜೆ.ಎಚ್. ಪಟೇಲ್, ಎಸ್. ಬಂಗಾರಪ್ಪ ಮೊದಲಾದವರು ರಾಜಕಾರಣಕ್ಕೆ ಬಂದದ್ದು ಇದೇ ಸಮಾಜವಾದಿ ಬಳಗದಿಂದ. ಪಟೇಲರೂ ಬಂಗಾರಪ್ಪನವರೂ ಮುಂದೆ ಮುಖ್ಯಮಂತ್ರಿಗಳಾದರು. ಗುರುವಿನ ಸ್ಥಾನದಲ್ಲಿದ್ದ ಗೋಪಾಲಗೌಡರ ಪಾಲಿಗೆ ಅಧಿಕಾರವೂ ಬರಲಿಲ್ಲ, ಆಸ್ತಿಯೂ ಕೂಡಲಿಲ್ಲ.

ಕೊನೆಯ ವರ್ಷಗಳಲ್ಲಿ ಅನಾರೋಗ್ಯ ಅವರನ್ನು ಕಾಡಿತು. 1972ರ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಬಂದವರು ಅವರ ಪಕ್ಷದ ಕೋಣಂದೂರು ಲಿಂಗಪ್ಪನವರು. ಅದೇ ವರ್ಷ ಜೂನ್ 9ರಂದು ಗೋಪಾಲಗೌಡರು ನಿಧನರಾದರು.

ಅವರು ಕೇಳಿದ್ದು ಅವರ ಕಣ್ಣೆದುರು ಈಡೇರಲಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗಳ ಮುಂದೆ ನಿಂತರು. ಕಾಗೋಡಿನ ರೈತರು ಒಂದು ಕಾಲಕ್ಕೆ ಬೇಡಿದ್ದ ರಸೀದಿಯ ಬೆಲೆ ಏನೆಂಬುದು ಆಗ ಇಡೀ ರಾಜ್ಯಕ್ಕೆ ತಿಳಿಯಿತು. ಗೋಪಾಲಗೌಡರು ಜೀವಮಾನವಿಡೀ ವಿರೋಧಿಸಿದ ಪಕ್ಷದ ಕೈಯಿಂದಲೇ ಉಳುವವನಿಗೆ ಭೂಮಿ ದೊರೆಯಿತು. ಗೇಣಿಯೂ ಇಲ್ಲದ ಕೂಲಿಕಾರನಿಗೆ ಆ ಕಾಯಿದೆಯಿಂದ ದಕ್ಕಿದ್ದು ಅಲ್ಪ ಎಂಬುದನ್ನೂ ಮರೆಯಲಾಗದು.

ವಿರೋಧಿ ಸದಸ್ಯನೊಬ್ಬ ಏನು ತಾನೇ ಸಾಧಿಸಬಲ್ಲ ಎಂದು ಕೇಳುವವರಿಗೆ ಈ ಬದುಕು ಉತ್ತರ ಕೊಡುತ್ತದೆ. ಅವನು ಶಾಸನ ಮಾಡಲಾರ. ಆದರೆ ಶಾಸನ ಮಾಡುವವರು ನುಣುಚಿಕೊಳ್ಳದಂತೆ ಪ್ರಶ್ನೆಯನ್ನು ಜೀವಂತವಾಗಿ ಇಡಬಲ್ಲ. 2023ರಲ್ಲಿ ಗೋಪಾಲಗೌಡರ ಜನ್ಮಶತಮಾನೋತ್ಸವದ ವರ್ಷ ಬಂದಾಗ ನಾಡಿನ ಹಲವೆಡೆ ಅವರನ್ನು ಸ್ಮರಿಸಲಾಯಿತು. ಚುನಾವಣೆಯ ಹೊತ್ತಿಗೆ ಅಭ್ಯರ್ಥಿಯೇ ಮತದಾರನ ಕೈಗೆ ನೋಟು ಇಡುವುದು ವಾಡಿಕೆಯಾಗಿರುವ ದಿನಗಳಲ್ಲಿ, ಮತದಾರನಿಂದಲೇ ನೋಟು ಪಡೆದು ಅದರ ಲೆಕ್ಕ ಒಪ್ಪಿಸಲು ಬದುಕಿದವರೊಬ್ಬರು ಇದೇ ನಾಡಿನಲ್ಲಿ ಮೂರು ಬಾರಿ ಗೆದ್ದಿದ್ದರು ಎಂಬುದನ್ನು ನೆನೆಯುವುದು ಮತದಾರರಿಗೂ ಶಾಸಕರಿಗೂ ಉಪಯುಕ್ತವಾದೀತು.