ಚಾವುಂಡರಾಯ: ಯುದ್ಧ ಗೆದ್ದವನು ನಿಲ್ಲಿಸಿದ ಮೂರ್ತಿ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ, ಶ್ರವಣಬೆಳಗೊಳ ಹೋಬಳಿಗಳವರಿಗೆ ಗೊಮ್ಮಟ ಅಂದ್ರೆ ಊರ ಕಡೆಯ ಬೆಟ್ಟ. ನಮ್ಮಲ್ಲಿ ಮಿಕ್ಕವರಿಗೆ ಟ್ರಿಪ್ ಹೋದಾಗ ತೆಗೆದ ಒಂದು ಫೋಟೋ. ಸುಮಾರು 57 ಅಡಿಯ ಆ ಏಕಶಿಲಾ ಮೂರ್ತಿಯನ್ನು 981ರ ಹೊತ್ತಿಗೆ ನಿಲ್ಲಿಸಿದವನು ಗಂಗರ ಮಂತ್ರಿ, ದಂಡನಾಯಕ ಚಾವುಂಡರಾಯ. ಜೀವನದ ಬಹುಭಾಗ ರಣರಂಗದಲ್ಲೇ ಕಳೆದವನಿಗೆ ಅಹಿಂಸೆಯ ಮೂರ್ತಿ ಯಾಕೆ ಬೇಕಾಯ್ತು?

ಚಾವುಂಡರಾಯ ಇಮ್ಮಡಿ ಮಾರಸಿಂಹ, ಆಮೇಲೆ ನಾಲ್ಕನೇ ರಾಚಮಲ್ಲ, ಇಬ್ಬರ ಕೈಕೆಳಗೂ ದುಡಿದ. ಆಗ ಗಂಗರ ಆಸರೆಯಾಗಿದ್ದ ರಾಷ್ಟ್ರಕೂಟ ರಾಜ್ಯ ಕುಸಿಯುತ್ತಿತ್ತು, ಸುತ್ತಲೂ ಶತ್ರುಗಳು. ಖೇಡಗದಲ್ಲಿ ವಜ್ಜಳನನ್ನು ಸೋಲಿಸಿ ಸಮರಧುರಂಧರನಾದ. ಗೋನೂರಿನ ಬಯಲಲ್ಲಿ ನೊಳಂಬರನ್ನು ಗೆದ್ದು ವೀರಮಾರ್ತಂಡನಾದ. ಉಚ್ಚಂಗಿ ಕೋಟೆಯ ಕಾಳಗ ರಣರಂಗಸಿಂಗ ಅನ್ನೋ ಬಿರುದು ತಂತು. ಸಮರಪರಶುರಾಮ ಎಂಬ ಬಿರುದಿನ ಹಿಂದೆ ಮಾತ್ರ ಮನೆಯ ದುಃಖವಿದೆ: ತಮ್ಮ ನಾಗವರ್ಮನನ್ನು ಕೊಂದವನನ್ನು ಚಾವುಂಡರಾಯ ಹುಡುಕಿ ಕೊಂದ. ಅದು ಸೇಡು.

ಅದೇ ಮನುಷ್ಯನಿಗೆ ಸತ್ಯಯುಧಿಷ್ಠಿರ, ಶೌಚಾಭರಣ ಎಂಬ ಬಿರುದುಗಳೂ ಇವೆ. ತಮಾಷೆಗೂ ಸುಳ್ಳಾಡದವನು, ಪರರ ಹೆಣ್ಣಿಗೆ, ಹಣಕ್ಕೆ ಆಸೆಪಡದವನು ಅಂತ. ಸೋತ ಊರಲ್ಲಿ ಗೆದ್ದ ಸೈನ್ಯ ಏನೇನು ಮಾಡಬಲ್ಲದು ಅಂತ ಯೋಚಿಸಿದರೆ, ಒಬ್ಬ ದಂಡನಾಯಕನಿಗೆ ಇದು ಸಣ್ಣ ಹೊಗಳಿಕೆಯಲ್ಲ.

ಅಜಿತಸೇನ, ನೇಮಿಚಂದ್ರರು ಅವನ ಗುರುಗಳು. ಜೈನಧರ್ಮ ಮುನಿಗೆ ಹಿಂಸೆಯನ್ನು ಪೂರ್ತಿ ನಿಷೇಧಿಸುತ್ತದೆ. ಗೃಹಸ್ಥನಿಗೆ ಮಾತ್ರ ಮೇಲೆ ಬಿದ್ದವರನ್ನು ಎದುರಿಸುವ ವಿರೋಧಿ ಹಿಂಸೆಗೆ ಅವಕಾಶವಿದೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಗೆ ಇಲ್ಲ. ಚಾವುಂಡರಾಯ ಬದುಕಿದ್ದು ಈ ಎರಡರ ನಡುವಿನ ಗೆರೆಯ ಮೇಲೆ. 978ರಲ್ಲಿ ಅವನು ಕನ್ನಡ ಗದ್ಯದಲ್ಲಿ ಬರೆದ ಚಾವುಂಡರಾಯ ಪುರಾಣ 63 ಮಹಾಪುರುಷರ ಕಥೆ. ಭರತ-ಬಾಹುಬಲಿಯರು ಬರುವುದು ಆ ಪರಂಪರೆಯಲ್ಲೇ.

ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರು ಸಾಯೋದು ಬೇಡ ಅಂತ ಮಂತ್ರಿಗಳು ನಿಯಮ ಹಾಕಿದರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಅಷ್ಟೇ. ಮೂರರಲ್ಲೂ ಭರತ ಸೋತ. ಕೊನೆಗೆ ಬಾಹುಬಲಿ ಅವನನ್ನು ಮೇಲೆತ್ತಿದವನು ನೆಲಕ್ಕೆ ಬಡಿಯಲಿಲ್ಲ. ಭರತನೋ ನಿಯಮ ಮುರಿದು ಚಕ್ರ ಬಿಟ್ಟ. ಅದು ಬಾಹುಬಲಿಗೆ ಏನೂ ಮಾಡಲಿಲ್ಲ. ಬಾಹುಬಲಿಯೇ ರಾಜ್ಯ ಬಿಟ್ಟು ಹೋದ.

ಸೋತು ಕೈಗೆ ಸಿಕ್ಕವನನ್ನು ಕೊಲ್ಲಬಾರದು ಅನ್ನೋದು ಇವತ್ತು 1949ರ ಜಿನೀವಾ ಒಪ್ಪಂದಗಳಲ್ಲಿದೆ. ತಮ್ಮನ ಸೇಡು ತೀರಿಸಿಕೊಂಡಿದ್ದ ಚಾವುಂಡರಾಯ ಬೆಟ್ಟದ ಮೇಲೆ ನಿಲ್ಲಿಸಿದ್ದು, ಕೈಗೆ ಸಿಕ್ಕವನನ್ನು ಬಿಟ್ಟುಕೊಟ್ಟ ಗೆಲುವಿನ ಮೂರ್ತಿಯನ್ನು.

ಅದೇ ಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದಲ್ಲಿ ಅವನ ಯುದ್ಧಗಳ ಶಾಸನವೂ ಇತ್ತು. 1200ರ ಸುಮಾರಿಗೆ ಹೆಗ್ಗಡೆ ಕಣ್ಣ ಎಂಬವನು ಅದರ ಮೂರು ಮುಖಗಳನ್ನು ಅಳಿಸಿ ತನ್ನ ಶಾಸನ ಕೆತ್ತಿಸಿದ. ಮುಂದಿನ ಸಲ ಬೆಟ್ಟ ಹತ್ತಿದಾಗ ಆ ಕಂಬದ ಹತ್ತಿರ ಒಂದು ನಿಮಿಷ ನಿಲ್ಲಿ.