ಟರ್ನ್‌ಟೇಬಲ್ ಅಡಿಗೆ ಭಾರದ ಕಲ್ಲಿಟ್ಟರೆ ಕಂಪನ ನಿಲ್ಲುತ್ತದೆಯೇ? 20,000 ರೆಕಾರ್ಡ್‌ಗಳ ಮಹಾರಾಜರ ಕತೆಯೊಂದಿಗೆ ಉತ್ತರ

ಹಳೆಯ ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡವರಿಗೆ ಈ ಫಾರ್ವರ್ಡ್ ಬಂದಿರಬಹುದು: ಟರ್ನ್‌ಟೇಬಲ್ ಅಡಿಗೆ ದಪ್ಪ ಗ್ರಾನೈಟ್ ಚಪ್ಪಡಿ ಇಡಿ, ಕಂಪನ ಪೂರ್ತಿ ನಿಂತುಹೋಗುತ್ತದೆ ಎಂದು. ಚಿತ್ರದುರ್ಗದವರಿಗೆ ಕಲ್ಲಿಗೇನು ಬರ? ಆದರೆ ಕಲ್ಲಿಟ್ಟರೆ ಕಂಪನ ನಿಜಕ್ಕೂ ನಿಲ್ಲುತ್ತದೆಯೇ? ಅದಕ್ಕೆ ಮೊದಲು, ರೆಕಾರ್ಡ್‌ಗಳನ್ನು ಪ್ರಾಣದಂತೆ ಪ್ರೀತಿಸಿದ ನಮ್ಮ ನಾಡಿನವರೊಬ್ಬರ ಬಗ್ಗೆ ತಿಳಿಯೋಣ.

ಅವರು ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆಯನ್ನು ನಾವು ವಾಣಿವಿಲಾಸ ಸಾಗರ ಎನ್ನುತ್ತೇವಲ್ಲ, ಆ ವಾಣಿವಿಲಾಸ ಸನ್ನಿಧಾನ ಇವರ ಅಜ್ಜಿ. ಚಿತ್ರದುರ್ಗ ಜಿಲ್ಲೆಯೂ ಆಗ ಮೈಸೂರು ಸಂಸ್ಥಾನದಲ್ಲೇ ಇತ್ತು.

ಪಿಯಾನೋ ಬಿಟ್ಟು ಸಿಂಹಾಸನಕ್ಕೆ

1919ರ ಜುಲೈ 18ರಂದು ಹುಟ್ಟಿದ ಒಡೆಯರ್‌ಗೆ ಪಿಯಾನೋ ವಾದಕರಾಗುವ ಆಸೆಯಿತ್ತು. ಆದರೆ 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. 21ನೇ ವಯಸ್ಸಿಗೇ ರಾಜ್ಯಭಾರ ಹೆಗಲೇರಿತು. ವೇದಿಕೆ ಕೈತಪ್ಪಿದರೂ ಸಂಗೀತ ಕೈಬಿಡಲಿಲ್ಲ. ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರ ಒಡನಾಟದಲ್ಲಿ ಕರ್ನಾಟಕ ಸಂಗೀತಕ್ಕೆ ಒಲಿದು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು.

ಲಂಡನ್ನಿನಲ್ಲಿ ಕಾಯಿಲೆಯಿಂದ ಕಂಗೆಟ್ಟಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಡ್ನರ್ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಇದೇ ಒಡೆಯರ್. ಮೆಡ್ನರ್ ತಮ್ಮ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಸಿದವು. ಅದಕ್ಕೂ ಖರ್ಚಿನ ಭರವಸೆ ಕೊಟ್ಟವರು ಒಡೆಯರ್. ಬದಲಿಗೆ ಅವರಿಗೆ ಬೇಕಾಗಿದ್ದದ್ದು ಆ ಕಾರ್ಯಕ್ರಮದ ರೆಕಾರ್ಡ್. ಆಗಲೇ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡ್‌ಗಳಿದ್ದವು ಎಂಬ ಅಂದಾಜಿದೆ.

ರಾಜ್ಯ ಹೋಯಿತು, ರಾಜಪ್ರಮುಖ ಹುದ್ದೆ ಬಂತು. ಮುಂದೆ ಮೈಸೂರಿಗೂ ಮದ್ರಾಸಿಗೂ ರಾಜ್ಯಪಾಲರಾದರು. 1974ರ ಸೆಪ್ಟೆಂಬರ್ 23ರಂದು, 55ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಮಾಡಿಸಿದ ರೆಕಾರ್ಡಿಂಗ್‌ಗಳು ಮಾತ್ರ ಇಂದಿಗೂ ಕೇಳಸಿಗುತ್ತವೆ.

ಸೂಜಿಗೆ ಹಾಡೂ ಒಂದೇ, ಹೆಜ್ಜೆಯೂ ಒಂದೇ

ಎಲ್‌ಪಿ ರೆಕಾರ್ಡಿನ ಗೀರು ಹೆಚ್ಚುಕಡಿಮೆ ತಲೆಗೂದಲಿನಷ್ಟೇ ಅಗಲ. ಅದರಲ್ಲಿ ಸೂಜಿ ಅಲುಗಿದ್ದೆಲ್ಲ ಶಬ್ದವಾಗುತ್ತದೆ. ಗಾಯಕಿಯ ದನಿ, ನಿಮ್ಮ ಹೆಜ್ಜೆ, ಹೆದ್ದಾರಿಯ ಲಾರಿ ಯಾವುದನ್ನೂ ಅದು ಬೇರೆ ಮಾಡಿ ನೋಡುವುದಿಲ್ಲ. ಸ್ಪೀಕರ್ ಅದೇ ಮೇಜಿನ ಮೇಲಿದ್ದರೆ ಅದರ ನಡುಕ ಮತ್ತೆ ಸೂಜಿಗೇ ಬಂದು ಗುಂಯ್ ಎನ್ನುವ ಸದ್ದು ಏಳುತ್ತದೆ. ಸೂಜಿ ಎಗರಿ ಬಿದ್ದರಂತೂ ರೆಕಾರ್ಡಿಗೆ ಗಾಯವಾಗುತ್ತದೆ, ಅದು ಮತ್ತೆ ಮಾಯುವುದಿಲ್ಲ.

ಹಾಗಾದರೆ ಕಲ್ಲು?

ಫಾರ್ವರ್ಡ್ ಅರ್ಧ ಸತ್ಯ. ನೆಲಕ್ಕೆ ನೇರವಾಗಿ ಅಂಟಿ ಕೂತ ಕಲ್ಲು ನೆಲ ನಡುಗಿದರೆ ತಾನೂ ನಡುಗುತ್ತದೆ. ಬಸ್ಸನ್ನೇ ನೋಡಿ: ಖಾಲಿ ಬಸ್ಸು ಹೆಚ್ಚು ಎಗರುತ್ತದೆ, ಜನ ತುಂಬಿದ ಬಸ್ಸು ಕಡಿಮೆ ಎಗರುತ್ತದೆ. ಅಲ್ಲಿ ಭಾರ ಕೆಲಸ ಮಾಡುವುದು ಕೆಳಗೆ ಸ್ಪ್ರಿಂಗ್ ಇರುವುದರಿಂದ. ಭಾರ ಮತ್ತು ಸ್ಪ್ರಿಂಗ್ ಜೊತೆಯಾದರೆ ಮಾತ್ರ ನೆಲದ ನಡುಕ ಮೇಲೆ ಬರುವುದು ಕಡಿಮೆಯಾಗುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ 1961ರಲ್ಲಿ ಮಾರುಕಟ್ಟೆಗೆ ತಂದ ಟರ್ನ್‌ಟೇಬಲ್ ಒಳಗೆ ತಟ್ಟೆಯನ್ನೂ ಸೂಜಿಯ ತೋಳನ್ನೂ ಒಟ್ಟಿಗೆ ಸ್ಪ್ರಿಂಗ್ ಮೇಲೆ ನಿಲ್ಲಿಸಿದ್ದು ಇದಕ್ಕೇ. ಇನ್ನು ಸ್ಟ್ಯಾಂಡಿನ ಚೂಪು ಕಾಲುಗಳು ಕಂಪನವನ್ನು ಹೀರುತ್ತವೆ ಎಂಬ ಮಾತಿದೆ. ಅವು ಸ್ಟ್ಯಾಂಡನ್ನು ಅಲುಗದಂತೆ ನಿಲ್ಲಿಸುತ್ತವೆ, ಅಷ್ಟೇ.

ನೀವು ಏನು ಮಾಡಬಹುದು?

● ನೆಲಮಹಡಿಯ ಗಟ್ಟಿ ಸಿಮೆಂಟ್ ನೆಲವಾದರೆ ಅಲುಗದ ಮೇಜು ಸಾಕು, ಕಲ್ಲೂ ಇರಲಿ.
● ಮರದ ಅಟ್ಟ ಅಥವಾ ನಡೆದರೆ ಅದುರುವ ನೆಲವಾದರೆ ಗಟ್ಟಿ ಗೋಡೆಗೆ ಶೆಲ್ಫ್ ಹೊಡೆಸಿ. ಹೊಳಲ್ಕೆರೆ, ಹೊಸದುರ್ಗದ ಕಡೆ ದಪ್ಪ ಕಲ್ಲುಗೋಡೆಯ ಹಳೆ ಮನೆಯಿದ್ದರೆ ಇದು ಬಲು ಸುಲಭ.
● ಟರ್ನ್‌ಟೇಬಲ್‌ನಲ್ಲೇ ಸ್ಪ್ರಿಂಗ್ ಇಲ್ಲದಿದ್ದರೆ, ಅರ್ಧ ಗಾಳಿ ತುಂಬಿದ ಸಣ್ಣ ಸೈಕಲ್ ಟ್ಯೂಬ್, ಅದರ ಮೇಲೆ ಕಲ್ಲು, ಅದರ ಮೇಲೆ ಟರ್ನ್‌ಟೇಬಲ್ ಇಡಿ. ಆ ಕಲ್ಲು ಈಗ ಕೆಲಸಕ್ಕೆ ಬಂತು!
● ಗಾರೆ ಕೆಲಸದವರ ರಸಮಟ್ಟ ಇಟ್ಟು ತಟ್ಟೆ ಸಮವಾಗಿದೆಯೇ ನೋಡಿ.
● ಸ್ಪೀಕರ್ ಬೇರೆ ಮೇಜಿನ ಮೇಲಿರಲಿ.

ಪರೀಕ್ಷೆ ಬೇಕೇ? ಹಾಳಾದರೂ ಪರವಾಗಿಲ್ಲ ಎನ್ನುವ ರೆಕಾರ್ಡ್ ಹಾಕಿ, ತಟ್ಟೆ ತಿರುಗಿಸದೆ ಸೂಜಿ ಇಳಿಸಿ, ವಾಲ್ಯೂಮ್ ಸ್ವಲ್ಪವೇ ಏರಿಸಿ, ಶೆಲ್ಫನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಧಡ್ ಎಂದು ಜೋರಾಗಿ ಕೇಳಿಸಿದರೆ ಜಾಗ ಬದಲಿಸಿ.

ಒಡೆಯರ್ ಬಳಿ 20,000 ಇದ್ದವು. ನಿಮ್ಮಜ್ಜ ಬಿಟ್ಟುಹೋದದ್ದು ಎರಡೇ ಇರಬಹುದು. ಎರಡೇ ಇದ್ದರೆ ಇನ್ನೂ ಜೋಪಾನ ಬೇಕು. ಆ ಫಾರ್ವರ್ಡ್ ಮತ್ತೆ ಬಂದರೆ, ಕಳಿಸಿದವರಿಗೆ ಇದನ್ನು ಕಳಿಸಿ.