ತೆಳ್ಳಗಿನ ಕಾಂಕ್ರೀಟ್ ಗೋಡೆ ಎಂದರೆ ಮೋಸವೇ? ಯುಜೀನ್ ಫ್ರೆಸಿನೆ ಬದುಕಿನಲ್ಲಿದೆ ಉತ್ತರ

ಕ್ರೇನ್ ಒಂದು ಕಾಂಕ್ರೀಟ್ ಹಲಗೆಯನ್ನು ಎತ್ತಿ ಬಹುಮಹಡಿ ಕಟ್ಟಡದ ಹೊರಮೈಗೆ ಅಂಟಿಸಿದಂತೆ ನಿಲ್ಲಿಸುತ್ತದೆ. ಇಂಥ ವಿಡಿಯೊ ನೀವೂ ನೋಡಿರಬಹುದು. ಅದರ ಕೆಳಗೆ ಬರುವ ಮಾತು ಬಹುತೇಕ ಒಂದೇ: ಇಷ್ಟು ತೆಳ್ಳಗಿನ ಗೋಡೆ ಎಷ್ಟು ದಿನ ಬಾಳೀತು, ಬಡಿದರೆ ಟೊಳ್ಳು ಸದ್ದು ಬರುತ್ತದೆ, ಇದು ಬಿಲ್ಡರ್‌ಗಳ ಮೋಸ. ವಿಡಿಯೊ ನೋಡಿ ಯಾವುದೇ ಕಟ್ಟಡಕ್ಕೆ ಸರ್ಟಿಫಿಕೇಟ್ ಕೊಡಲು ನಮ್ಮಿಂದಾಗದು. ಆದರೆ ದಪ್ಪವಿದ್ದಷ್ಟೂ ಗಟ್ಟಿ ಎಂಬ ನಂಬಿಕೆ ತಪ್ಪು ಎಂದು ಮಾತ್ರ ಖಚಿತವಾಗಿ ಹೇಳಬಹುದು. ಅದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ಎಂಜಿನಿಯರ್ ಯುಜೀನ್ ಫ್ರೆಸಿನೆ. ಆ ಹಟಕ್ಕೆ ಅವರು ಕೈಯಲ್ಲಿದ್ದ ಹಣವನ್ನೆಲ್ಲ ಸುರಿದರು.

ಫ್ರೆಸಿನೆ ಹುಟ್ಟಿದ್ದು 1879ರ ಜುಲೈ 13ರಂದು, ಫ್ರಾನ್ಸಿನ ಕೊರೇಜ್ ಪ್ರಾಂತ್ಯದ ಒಬ್ಜಾ ಎಂಬ ಊರಿನಲ್ಲಿ. ಪ್ಯಾರಿಸ್‌ನ ಪ್ರಸಿದ್ಧ ಎಕೋಲ್ ಪಾಲಿಟೆಕ್ನಿಕ್‌ಗೆ ಮೊದಲ ಸಲ ಸೀಟು ಸಿಗಲಿಲ್ಲ, ಮರುವರ್ಷ ಸಿಕ್ಕಿತು. ಮುಂದೆ ಸೇತುವೆ ಮತ್ತು ರಸ್ತೆ ಎಂಜಿನಿಯರಿಂಗ್ ಓದುವಾಗ ಷಾರ್ಲ್ ರಬ್ಯು ಎಂಬ ಮೇಷ್ಟ್ರು ಸಿಕ್ಕರು. ಭಾರ ಬೀಳುವ ಮೊದಲೇ ಕಾಂಕ್ರೀಟನ್ನು ಅದುಮಿ ಇಡಬಹುದು ಎಂಬ ವಿಚಾರ ಅವರ ತರಗತಿಯಲ್ಲೇ ಈ ಹುಡುಗನ ತಲೆ ಹೊಕ್ಕಿತು.

ಅದುಮಿ ಇಡುವುದು ಯಾಕೆ? ಕಾಂಕ್ರೀಟ್ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಹಲಗೆ ಬಾಗಿದಾಗ ಅದರ ಒಂದು ಮೈ ಎಳೆತಕ್ಕೆ ಸಿಕ್ಕಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಇಳಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು. ಮೊದಲೇ ಎರಡೂ ತುದಿಯಿಂದ ಬಿಗಿಯಾಗಿ ಅದುಮಿದ್ದರೆ, ಬಾಗಿದಾಗ ಆ ಬಿಗಿ ಸ್ವಲ್ಪ ಸಡಿಲವಾಗುತ್ತದೆ ಅಷ್ಟೆ, ಬಿರುಕು ಬಾಯಿ ತೆರೆಯುವುದಿಲ್ಲ. ಎತ್ತಿನಗಾಡಿಯ ಚಕ್ರ ನೆನಪಿಸಿಕೊಳ್ಳಿ. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಮರದ ಚಕ್ರಕ್ಕೆ ತೊಡಿಸಿ ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗಿ, ಮರದ ತುಂಡುಗಳನ್ನೆಲ್ಲ ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ತತ್ವ ಅದೇ.

ಹಾಗಂತ ಈ ಉಪಾಯ ಫ್ರೆಸಿನೆಗೇ ಮೊದಲು ಹೊಳೆದದ್ದಲ್ಲ. 19ನೇ ಶತಮಾನದ ಕೊನೆಯಲ್ಲೇ ಅಮೆರಿಕ, ಜರ್ಮನಿಯಲ್ಲಿ ಕೆಲವರು ಪೇಟೆಂಟ್ ಪಡೆದಿದ್ದರು. ಕಬ್ಬಿಣ ಎಳೆದು ಕಟ್ಟುತ್ತಿದ್ದರು, ಸ್ವಲ್ಪ ಕಾಲಕ್ಕೆ ಬಿಗಿ ಮಾಯವಾಗುತ್ತಿತ್ತು. ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಸೇತುವೆ ಕುಸಿಯತೊಡಗಿದಾಗ

1905ರಲ್ಲಿ ಫ್ರೆಸಿನೆ ಮುಲಾಂ ಪಟ್ಟಣದಲ್ಲಿ ಸರ್ಕಾರಿ ಎಂಜಿನಿಯರ್ ಆದರು. ಅಲ್ಯೇ ನದಿಗೆ ಮೂರು ಸೇತುವೆ ಬೇಕಿತ್ತು. ಒಂದು ಕಲ್ಲಿನ ಸೇತುವೆಯ ಖರ್ಚಿನಲ್ಲಿ ಮೂರನ್ನೂ ಕಾಂಕ್ರೀಟ್‌ನಲ್ಲಿ ಕಟ್ಟುವ ಯೋಜನೆಯನ್ನು ಅವರು ಮಾಡಿಕೊಟ್ಟರು. ಅದಕ್ಕೂ ಮೊದಲು 50 ಮೀಟರ್ ಅಗಲದ ಒಂದು ಪರೀಕ್ಷಾ ಕಮಾನು ಕಟ್ಟಿ, ಅದರ ಎರಡೂ ಬುಡಗಳನ್ನು ಎಳೆದ ಉಕ್ಕಿನ ತಂತಿಗಳಿಂದ ಬಿಗಿದು ನೋಡಿದರು. ಕಾಂಕ್ರೀಟ್ ದಿನೇ ದಿನೇ ಕುಗ್ಗುತ್ತಿರುವಂತೆ ಕಂಡಿತು. ಹಾಗಾಗುವುದಿಲ್ಲ ಎನ್ನುತ್ತಿತ್ತು ಆಗಿನ ಸರ್ಕಾರಿ ನಿಯಮ.

ಮೂರರಲ್ಲಿ ಮೊದಲನೆಯದು ಲೆ ವರ್ದ್ರ್ ಸೇತುವೆ. ತಲಾ 70 ಮೀಟರ್‌ಗೂ ಹೆಚ್ಚು ಅಗಲದ ಮೂರು ಕಮಾನು. ಸಂಚಾರ ಆರಂಭವಾಗಿ ತಿಂಗಳುಗಳು ಕಳೆದ ಮೇಲೆ, 1911ರಲ್ಲಿ, ಕಮಾನುಗಳ ನೆತ್ತಿ ತಗ್ಗುತ್ತಿರುವುದು ಅವರ ಕಣ್ಣಿಗೆ ಬಿತ್ತು. ತಗ್ಗುವ ವೇಗ ಹೆಚ್ಚುತ್ತಿತ್ತು, ಕೊನೆಗೆ ಸುಮಾರು 13 ಸೆಂಟಿಮೀಟರ್ ಮುಟ್ಟಿತು. ಹಾಗೇ ಬಿಟ್ಟರೆ ಸೇತುವೆ ನದಿ ಪಾಲಾಗುತ್ತಿತ್ತು. ಕಮಾನಿನ ನೆತ್ತಿಯಲ್ಲಿ ಜಾಕ್ ಇಡಲು ಮೊದಲೇ ಜಾಗ ಬಿಟ್ಟಿದ್ದದ್ದು ಅವರ ಪುಣ್ಯ. ಪುಣ್ಯಕ್ಕಿಂತ ಮುಂಜಾಗ್ರತೆ ಎನ್ನುವುದೇ ಸರಿ. ಮೇಲಧಿಕಾರಿಗಳಿಗೆ ಹೇಳದೆ, ನಂಬಿಕಸ್ಥ ನಾಲ್ವರನ್ನು ಕರೆದುಕೊಂಡು ಹೋಗಿ, ಜಾಕ್‌ಗಳಿಂದ ಮೂರೂ ಕಮಾನುಗಳನ್ನು ಎತ್ತಿ ಮೊದಲಿನ ಮಟ್ಟಕ್ಕೆ ತಂದರು.

ಗಟ್ಟಿಯಾದ ಕಾಂಕ್ರೀಟ್ ಕೂಡ ಭಾರದ ಕೆಳಗೆ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. ಎಂಜಿನಿಯರ್‌ಗಳು ಇದನ್ನು ಕ್ರೀಪ್ ಎನ್ನುತ್ತಾರೆ. ಹಿಂದಿನವರ ಬಿಗಿ ಮಾಯವಾದ ಗುಟ್ಟು ಇಲ್ಲೇ ಇತ್ತು. ಲೆಕ್ಕ ಸುಲಭ. 100 ಮೀಟರ್ ಉದ್ದದ ಸಾಮಾನ್ಯ ಕಬ್ಬಿಣದ ಸರಳನ್ನು ಆಗಿನವರು ಎಳೆಯುತ್ತಿದ್ದಷ್ಟು ಎಳೆದರೆ ಅದು ಹಿಗ್ಗುವುದು ಸುಮಾರು 6 ಸೆಂಟಿಮೀಟರ್. ಒಣಗುವಿಕೆ ಮತ್ತು ಕ್ರೀಪ್ ಸೇರಿ ಕಾಂಕ್ರೀಟ್ ಕುಗ್ಗುವುದೂ ಹೆಚ್ಚುಕಡಿಮೆ ಅಷ್ಟೇ. ಉಳಿಯುವುದು ಸೊನ್ನೆ. ಅದೇ ಅತಿ ಗಟ್ಟಿಯಾದ ಉಕ್ಕಿನ ತಂತಿಯನ್ನು ಅರ್ಧ ಮೀಟರ್ ಹಿಗ್ಗುವಷ್ಟು ಎಳೆದರೆ? 6-8 ಸೆಂಟಿಮೀಟರ್ ಹೋದರೂ 40ಕ್ಕಿಂತ ಹೆಚ್ಚು ಉಳಿಯುತ್ತದೆ. 1928ರ ಅಕ್ಟೋಬರ್ 2ರಂದು ಫ್ರೆಸಿನೆ, ಜ್ಯಾಂ ಸೆಯಾಯ್ ಜೊತೆ ಸೇರಿ ಪೇಟೆಂಟ್ ಸಲ್ಲಿಸಿದ್ದು ಈ ತಿಳಿವಳಿಕೆಯ ಮೇಲೆ.

ಅಷ್ಟರಲ್ಲಿ ಅವರು ದೊಡ್ಡ ಹೆಸರು. ಪ್ಯಾರಿಸ್ ಹತ್ತಿರದ ಓರ್ಲಿಯಲ್ಲಿ ವಾಯುನೌಕೆ ನಿಲ್ಲಿಸಲು ಅವರು ಕಟ್ಟಿದ ಶೆಡ್‌ಗಳು 300 ಮೀಟರ್ ಉದ್ದ, ಸುಮಾರು 60 ಮೀಟರ್ ಎತ್ತರ. ಕಾಂಕ್ರೀಟ್ ಚಿಪ್ಪಿನ ದಪ್ಪ ಬರೀ 9 ಸೆಂಟಿಮೀಟರ್! ತಗಡಿನ ಶೀಟಿನ ಹಾಗೆ ಮಡಿಕೆ ಮಡಿಕೆಯಾಗಿ ಮಾಡಿದ್ದರಿಂದ ಅದಕ್ಕೆ ಆ ಬಲ.

ದಿವಾಳಿ ಮಾಡಿದ ಕರೆಂಟು ಕಂಬ

50ರ ವಯಸ್ಸು, ಒಳ್ಳೆಯ ಕಂಪನಿ, ಕೈತುಂಬ ಕೆಲಸ. ಎಲ್ಲ ಬಿಟ್ಟು ಫ್ರೆಸಿನೆ ಮೊಂಟಾರ್ಜಿ ಎಂಬಲ್ಲಿ ಕಾರ್ಖಾನೆ ತೆರೆದರು. ಮಾಡಿದ್ದು ಟೊಳ್ಳಾದ, ತೆಳುಗೋಡೆಯ ಕರೆಂಟು ಕಂಬ. ಎಳೆದ ತಂತಿಯ ಸುತ್ತ ಕಾಂಕ್ರೀಟ್ ಸುರಿದು, ಅಲುಗಾಡಿಸಿ ಒತ್ತಿ, ಬಿಸಿಯಿಂದ ಬೇಗ ಗಟ್ಟಿಮಾಡುವುದು ಅವರ ಕ್ರಮ. ಕಂಬ ಚೆನ್ನಾಗಿತ್ತು, ಕೊಳ್ಳುವವರಿರಲಿಲ್ಲ. ಜಗತ್ತಿನ ಆರ್ಥಿಕ ಕುಸಿತದ ಕಾಲ ಅದು. ಹಾಕಿದ ಹಣವೆಲ್ಲ ಹೋಯಿತು.

ಅವರನ್ನು ಮೇಲೆತ್ತಿದ್ದು ಇನ್ನೊಂದು ಕುಸಿತ. ಲೆ ಹಾವ್ರ್ ಬಂದರಿನ ಹೊಸ ಹಡಗು ನಿಲ್ದಾಣ ಕೆಸರಿನಲ್ಲಿ ಇಳಿಯುತ್ತಿತ್ತು. 1934ರಲ್ಲಿ ಫ್ರೆಸಿನೆ ಅದರ ಅಡಿಪಾಯಗಳನ್ನು ಎಳೆದ ತಂತಿಯಿಂದ ಒಂದಾಗಿ ಬಿಗಿದು, ಸ್ಥಳದಲ್ಲೇ ಎರಕ ಹೊಯ್ದ ಕಂಬಗಳನ್ನು ಜಾಕ್‌ನಿಂದ ನೆಲಕ್ಕಿಳಿಸಿ ನಿಲ್ಲಿಸಿದರು. ಆಮೇಲೆ ಕೆಲಸಕ್ಕೆ ಬರವಿರಲಿಲ್ಲ. ಮಾರ್ನ್ ನದಿಯ ಮೇಲೆ ಲುಜಾನ್ಸಿಯಲ್ಲಿ 55 ಮೀಟರ್ ಸೇತುವೆಯನ್ನು ಮೊದಲೇ ಎರಕ ಹೊಯ್ದ ತುಂಡುಗಳನ್ನು ಪೋಣಿಸಿ ಕಟ್ಟಿದರು. ನಮ್ಮ ಮೆಟ್ರೊ ಮೇಲ್ಸೇತುವೆಗಳ ತುಂಡುಗಳನ್ನು ಜೋಡಿಸಿ ಬಿಗಿಯುವುದೂ ಇದೇ ರೀತಿ.

ಇನ್ನು ವಿಡಿಯೊದ ಆ ಹಲಗೆ. ಕಾರ್ಖಾನೆಯ ಉದ್ದನೆಯ ಉಕ್ಕಿನ ಹಾಸಿನ ಮೇಲೆ ತಂತಿಗಳನ್ನು ಮೊದಲು ಎಳೆದು ಕಟ್ಟುತ್ತಾರೆ. ಮೇಲೆ ಕಾಂಕ್ರೀಟ್ ಸುರಿದು, ಹಲವೆಡೆ ಹಬೆ ಕೊಟ್ಟು, ಸಾಕಷ್ಟು ಗಟ್ಟಿಯಾದ ಮೇಲೆ ತುದಿಯಲ್ಲಿ ತಂತಿ ಬಿಡಿಸುತ್ತಾರೆ. ಕುಗ್ಗಲು ಹೋಗುವ ತಂತಿ ಹಲಗೆಯನ್ನು ಅದುಮಿ ಹಿಡಿಯುತ್ತದೆ. ತಂತಿಗಳ ಬಲ ಹಲಗೆಯ ದಪ್ಪದ ನಡುವೆ ಬೀಳಬೇಕು, ಒಂದು ಬದಿಗೆ ಸರಿದರೆ ಹಲಗೆ ಬಿಲ್ಲಿನಂತೆ ಡೊಂಕಾಗುತ್ತದೆ. ತೂಕ ಇಳಿಸಲು ಒಳಗೆ ಕೊಳವೆಯಂಥ ಟೊಳ್ಳು ಬಿಡುತ್ತಾರೆ, ಇಲ್ಲವೇ ಜಲ್ಲಿಯ ಬದಲು ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಗುಂಡು ಹಾಕುತ್ತಾರೆ. ಮಾಮೂಲಿ ಕಾಂಕ್ರೀಟ್ ಒಂದು ಘನ ಮೀಟರ್‌ಗೆ ಸುಮಾರು 2,400 ಕೆ.ಜಿ. ತೂಗಿದರೆ ಇದು 1,800ರ ಆಸುಪಾಸು. ಹಗುರ ಕಾಂಕ್ರೀಟ್ ಅದುಮಿದಾಗ ಹೆಚ್ಚು ಕುಗ್ಗುತ್ತದೆ, ಹಾಗಾಗಿ ಬಿಗಿ ಎಷ್ಟು ಸೋರಿಹೋದೀತು ಎಂದು ಮೊದಲೇ ಲೆಕ್ಕ ಹಾಕಲೇಬೇಕು. ಫ್ರೆಸಿನೆ ಆ ಸೇತುವೆಯಲ್ಲಿ ಕಲಿತದ್ದೂ ಇದನ್ನೇ.

ಆದ್ದರಿಂದ ಟೊಳ್ಳು ಸದ್ದಿಗೆ ಹೆದರಬೇಕಿಲ್ಲ. ಕೇಳಬೇಕಾದ್ದು ಬೇರೆ: ಹಲಗೆಯನ್ನು ಕಟ್ಟಡಕ್ಕೆ ಹಿಡಿದಿಟ್ಟಿರುವ ಲೋಹದ ಜೋಡಣೆಗೆ ತುಕ್ಕು ಹಿಡಿಯದಂತೆ ಏನು ಮಾಡಿದ್ದಾರೆ? ಸಂದುಗಳಲ್ಲಿ ನೀರು ಇಳಿಯುತ್ತಿದೆಯೇ? ಎಸಿ ಪೈಪ್‌ಗೆಂದು ಇಂಥ ಗೋಡೆಗೆ ನಿಮ್ಮಿಷ್ಟದ ಜಾಗದಲ್ಲಿ ರಂಧ್ರ ಕೊರೆಸಬೇಡಿ. ಒಳಗಿನ ತಂತಿ ತುಂಡಾದರೆ ಆ ಜಾಗದ ಬಿಗಿಯೇ ಹೋಗುತ್ತದೆ. ಕಟ್ಟಡದ ಎಂಜಿನಿಯರ್ ಗುರುತು ಹಾಕಿಕೊಟ್ಟ ಮೇಲೆ ಡ್ರಿಲ್ ತರಿಸಿ.

ಫ್ರೆಸಿನೆ ತೀರಿಕೊಂಡದ್ದು 1962ರ ಜೂನ್ 8ರಂದು, 83 ತುಂಬಲು ಒಂದು ತಿಂಗಳ ಚಿಲ್ಲರೆ ಬಾಕಿ ಇದ್ದಾಗ. ಲೆ ವರ್ದ್ರ್ ಸೇತುವೆ 1940ರ ಯುದ್ಧದಲ್ಲಿ ಹೋಯಿತು, ಓರ್ಲಿಯ ಶೆಡ್‌ಗಳು 1944ರ ಬಾಂಬಿಗೆ ಬಿದ್ದವು. ಅವರ ಕೈ ಸುಟ್ಟ ಬಗೆಯ ಕಂಬಗಳು, ಎಳೆದ ತಂತಿಯ ಸಿಮೆಂಟ್ ಕಂಬಗಳು, ಇವತ್ತು ನಮ್ಮ ಹಳ್ಳಿಗಳ ಹೊಲಗಳ ನಡುವೆಯೂ ಕರೆಂಟು ಹೊತ್ತು ನಿಂತಿವೆ.